ರತ್ನವ್ವ ಅಂಟಿಸಿದ ಹಸಿರು ಚುಕ್ಕೆ

ಪೆಂಡಲ್ ಹಿಲ್, ಸಿಡ್ನಿ
೧೭ ಆಗಸ್ಟ್ ೨೦೨೫

ಪ್ರೀತಿಯ ಜಯಾ,

ಬೈಯಬೇಡ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವಳು ನೀನು, ನಾನು ಸುಮ್ಮನಾದರೆ ಏನೋ ಆಗಿದೆ ಅಂತ ನಿನಗೆ ಗೊತ್ತಾಗಿರುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ಮಗಳು ಪಲ್ಲವಿ ಪಕ್ಕದ ಕೋಣೆಯಲ್ಲೇ ಕೂತು ಆಫೀಸ್ ಕೆಲಸ ಮಾಡುತ್ತಾಳೆ. ನಿನ್ನ ಮಂಡಿ ನೋವು ಹೇಗಿದೆ? ವಿಂಡಮ್ ವೇಲ್ ಮನೆಯಲ್ಲಿ ಕರಿಬೇವು ಹತ್ತಿತೇ? ನನ್ನದು ಈ ಚಳಿಗೆ ಒಣಗಿ ಹೋಯಿತು.

ಜಯಾ, ನನಗೆ ಹೇಸಿಗೆಯಾಗಿದೆ. ಬೇರೆ ಮಾತು ಸಿಗುತ್ತಿಲ್ಲ.

ಇಲ್ಲಿ ನದಿ ದಂಡೆಯನ್ನು ಹೊಸದಾಗಿ ಕಟ್ಟುತ್ತಿದ್ದಾರೆ. ಹಳೆಯ ಗೋದಾಮು ಕೆಡವಿ ಅಪಾರ್ಟ್‌ಮೆಂಟು, ಹೋಟೆಲು, ವಾಕಿಂಗ್ ದಾರಿ. ಅದಕ್ಕೆ ಮೊದಲು ಜನರ ಅಭಿಪ್ರಾಯ ಕೇಳಬೇಕಂತೆ. ಆ ಕೇಳುವ ಗುತ್ತಿಗೆ ಹಿಡಿದ ಕಂಪನಿಯಲ್ಲೇ ಪಲ್ಲವಿಯ ಕೆಲಸ. ಮೇ ತಿಂಗಳಲ್ಲಿ ಒಂದು ದಿನ, "ಅಮ್ಮಾ, ನಮಗೆ ಇಂಡಿಯನ್ ಸೀನಿಯರ್ಸ್ ಬೇಕು, ಯಾರೂ ಸೈನ್ ಅಪ್ ಮಾಡ್ತಿಲ್ಲ. ನಿನ್ನ ಭಜನೆ ಗ್ರೂಪ್ ಕರ್ಕೊಂಡ್ ಬಾ, ಪ್ಲೀಸ್" ಅಂದಳು.

ಹದಿನೆಂಟು ಜನರನ್ನು ಕೂಡಿಸಿದೆ. ಎಲ್ಲರಿಗೂ ಹಿರಿಯರು ಬೆಳಗಾವಿಯ ರತ್ನವ್ವ, ಎಪ್ಪತ್ತೆಂಟು ವರ್ಷ. ಅವರ ಮೊಮ್ಮಗಳು ಇಂಚರಾ ಬಸುರಿ. ಹೆರಿಗೆಯಾದ ಮೇಲೆ ಬಾಣಂತಿಯಿಂದ ಗಂಗಿ ಪೂಜೆ ಮಾಡಿಸಬೇಕಲ್ಲ? ಹಿರಿಯ ಮೊಮ್ಮಗಳ ಸಲ ಮನೆಯ ಬಟ್ಟೆ ಒಗೆಯುವ ಕೋಣೆಯ ನಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ ಮುಗಿಸಿದ್ದರು. ಈ ಸಲ ಹರಿಯುವ ನೀರೇ ಬೇಕು ಅಂತ ಅವರ ಆಸೆ. "ನಾಕ ಮೆಟ್ಟಲಾ, ಹಿಡಕೊಳ್ಳಾಕ ಒಂದ ಕಂಬಿ. ಕೈಗೆ ನೀರ ಸಿಕ್ಕರ ಸಾಕು, ಮತ್ತೇನ ಬ್ಯಾಡ" ಅಂತಿದ್ದರು.

ಸಭೆಯಲ್ಲಿ ಮೇಜಿನ ತುಂಬ ನದಿಯ ನಕ್ಷೆ. ಅದರ ಮೇಲೆ ಕಾಫಿ ಅಂಗಡಿ, ಉಯ್ಯಾಲೆ, ಬೆಂಚು ಅಂತ ಚಿತ್ರಗಳು. ನಮ್ಮ ಕೈಗೆ ಒಂದೊಂದು ಹಸಿರು ಚುಕ್ಕೆ ಕೊಟ್ಟು, ಇಷ್ಟವಾದ ಕಡೆ ಅಂಟಿಸಿ ಅಂದರು. ಮೆಟ್ಟಿಲಿನ ಚಿತ್ರವೇ ಇರಲಿಲ್ಲ. ರತ್ನವ್ವ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೈಕು ಹಿಡಿದ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡು "ಬ್ಯೂಟಿಫುಲ್, ಬ್ಯೂಟಿಫುಲ್" ಅನ್ನುತ್ತ ಹಳದಿ ಚೀಟಿಯಲ್ಲಿ ಬರೆದುಕೊಂಡಳು. ಮೂಗಿಗೆ ತುಪ್ಪ ಸವರುವುದನ್ನು ಇವರಿಂದ ಕಲಿಯಬೇಕು! ರತ್ನವ್ವ ಎಲ್ಲಿ ಅಂಟಿಸಬೇಕೆಂದು ತಿಳಿಯದೆ ತಮ್ಮ ಚುಕ್ಕೆಯನ್ನು ನೀಲಿ ನೀರಿನ ಮೇಲೇ ಅಂಟಿಸಿ, "ಇಲ್ಲೇ ಆಗ್ಲಿ ತಾಯಿ" ಅಂತ ಕೈಮುಗಿದರು. ಯಾರೋ ಫೋಟೋ ತೆಗೆದರು.

ಹೋದ ವಾರ ವರದಿ ಬಂತು. ಮುಖಪುಟದಲ್ಲೇ ರತ್ನವ್ವ ಕೈಮುಗಿದ ಫೋಟೋ. ಕೆಳಗೆ, ಭಾರತೀಯ ಹಿರಿಯರು ಯೋಜನೆಯನ್ನು ಮನಸಾರೆ ಸ್ವಾಗತಿಸಿದ್ದಾರೆ ಅಂತ. ಹಳದಿ ಚೀಟಿಯ ಮಾತು ವರದಿಯ ಒಳಗೆ ಹೋಗಿ 'ನೀರಿನೊಂದಿಗೆ ನಂಟು' ಆಗಿದೆ. ಅದಕ್ಕೆ ಏನು ಕೊಡುತ್ತಾರೆ ಗೊತ್ತೇ? ಎದೆಯೆತ್ತರದ ಗಾಜಿನ ಗೋಡೆ. ಈಚೆ ನಿಂತು ನೋಡಬಹುದು. ಇನ್ನು ಆ ಹಸಿರು ಚುಕ್ಕೆ? ಆ ಜಾಗದಲ್ಲಿ ನೀರಿನ ಮೇಲೆ ಮೀನು ಸೀಗಡಿಯ ಹೋಟೆಲು ಬರುತ್ತದಂತೆ. ಚುಕ್ಕೆಯನ್ನು ಅದರ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ಹುಟ್ಟಿದಂದಿನಿಂದ ತತ್ತಿ ಮುಟ್ಟದ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ರತ್ನವ್ವ ಸೀಗಡಿ ಹೋಟೆಲಿಗೆ ಓಟು ಹಾಕಿದ್ದಾರೆ! ಮೊದಲು ನಗು ಬಂತು, ಆಮೇಲೆ ವರದಿಯನ್ನು ಮಗುಚಿಟ್ಟೆ.

ಪಲ್ಲವಿಯನ್ನು ಕೇಳಿದೆ. "ಡೇಟಾ ಹಾಗೇ ವರ್ಕ್ ಆಗೋದಮ್ಮಾ. ನಾವು ಕನ್ಸಲ್ಟ್ ಮಾಡಿದ್ವಿ ಅಷ್ಟೇ, ಪರ್ಮಿಷನ್ ಕೇಳಿಲ್ಲ. ನೀನ್ಯಾಕೆ ಪರ್ಸನಲ್ ಆಗಿ ತಗೊಳ್ತೀಯ?" ಅಂದಳು. "ತಾಳಿ ಕಟ್ಟಿದ ಮ್ಯಾಲ ಹುಡುಗೀಗೆ ಒಪ್ಪಿಗಿ ಐತೇನು ಅಂತ ಕೇಳಿದಂಗಾತಲ್ಲ ಇದು!" ಅಂತ ಕೂಗಾಡಿದೆ. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ನಾನೇ ಹೆತ್ತ ಮಗಳ ಮುಖ ನೋಡಲು ಎರಡು ದಿನ ಮನಸ್ಸಾಗಲಿಲ್ಲ.

ರತ್ನವ್ವ ವಾರವಾರವೂ ಫೋನ್ ಮಾಡುತ್ತಾರೆ. "ಹೇಮಾ, ಮೆಟ್ಟಲಾ ಚಾಲೂ ಮಾಡ್ಯಾರೇನವಾ? ಇಂಚರಾಗ ದಿನಾ ತುಂಬಾಕ ಬಂದ್ವು." ನೋಡೂಣ್ರಿ ಅಂತ ಹೇಳಿ ಇಟ್ಟುಬಿಡುತ್ತೇನೆ.

ಈಗ ಬರೆಯಲು ಕಾರಣವಿದೆ. ಪಲ್ಲವಿಯ ಕಂಪನಿಗೆ ಮೆಲ್ಬೋರ್ನಿನಲ್ಲಿ, ನಿಮ್ಮ ಕಡೆಯ ಒಂದು ಕೆರೆ ದಂಡೆಯ ಕೆಲಸ ಸಿಕ್ಕಿದೆ. ಜಯಾ ಆಂಟಿ ನಂಬರ್ ಕೊಡು ಅಂತ ಬೆನ್ನು ಹತ್ತಿದ್ದಾಳೆ. ಮನೆಗೆ ಬಂದರೆ ಹೊಟ್ಟೆ ತುಂಬ ಉಣಿಸು, ಅವಳಿಗೆ ಎಣಗಾಯಿ ಇಷ್ಟ. ಆದರೆ ಜನರನ್ನು ಕೂಡಿಸಿ ಕೊಡಬೇಡ. ನಕ್ಷೆ ಬದಲಿಸಲು ಇನ್ನೂ ಬರುತ್ತದೆಯೇ ಅಂತ ಒಂದೇ ಮಾತು ಕೇಳು. ಇಲ್ಲ ಅಂದರೆ ಚಹಾ ಕುಡಿಸಿ ಕಳಿಸು. ತಾಯಿಯಾಗಿ ಇದನ್ನು ಬರೆಯುತ್ತಿದ್ದೇನೆ ನೋಡು.

ನಿಮ್ಮ ಮನೆಯವರಿಗೆ ನಮಸ್ಕಾರ. ಮೊಮ್ಮಗ ಸುಮುಖನ ತಲೆಯ ಮೇಲೆ ನನ್ನ ಕೈ ಇದೆ ಅಂತ ಹೇಳು, ನೂರು ಕಾಲ ಚೆನ್ನಾಗಿರಲಿ.

ನಿನ್ನ
ಹೇಮಲತಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಸಭೆಗೆ ಎಂಟು ದಿನ ಮೊದಲು ಪಲ್ಲವಿಯ ಮೇಜು ಒರೆಸುವಾಗ ನದಿ ದಂಡೆಯ ಇನ್ನೊಂದು ನಕ್ಷೆಯನ್ನು ನಾನು ನೋಡಿದ್ದೆ, ಜಯಾ. ಗಾಜಿನ ಗೋಡೆ, ಹೋಟೆಲು ಎಲ್ಲ ಇತ್ತು, ಮೂಲೆಯಲ್ಲಿ 'ಫೈನಲ್' ಅಂತಲೂ ಇತ್ತು. ಮೆಟ್ಟಿಲು ಇರಲಿಲ್ಲ. ಆಗ ಅವಳ ಕೆಲಸ ಇನ್ನೂ ಪ್ರೊಬೇಷನ್‌ನಲ್ಲಿತ್ತು, ಕಾಯಂ ಆಗಿರಲಿಲ್ಲ. ರತ್ನವ್ವ ಬರಲು ಒಪ್ಪಿರಲಿಲ್ಲ, "ನಮ್ಮ ಮಾತ ಯಾರ ಕೇಳ್ತಾರ ಬಿಡವಾ" ಅಂದಿದ್ದರು. ಅವರ ಮನೆಗೇ ಹೋಗಿ, ಕೈ ಹಿಡಿದು, "ನೀವು ಬಾಯಿಬಿಟ್ಟು ಕೇಳ್ರಿ, ಕಟ್ಟಿ ಕೊಡ್ತಾರ" ಅಂತ ಹೇಳಿದವಳು ನಾನು. ನಕ್ಷೆ ನೋಡಿದ ಮರುದಿನ.