ಯಾವ್ದೋ ಎಂಬ ಗಿಡ

ಮಂಜುಬಲೆ ಶಕೆ ನೂರನಲವತ್ತು, ಹದಿನಾಲ್ಕನೆಯ ತಿಂಗಳು
ಕುದುರೆಮುಖದ ಬೆನ್ನು

ನಾಗಶ್ರೀಯವರಿಗೆ,

ನನ್ನ ಮಾತು ಒರಟಾಗಿ, ಇಲ್ಲವೇ ತೀರಾ ಮಡಿಯಾಗಿ ಕೇಳಿಸಿದರೆ ಮನ್ನಿಸಬೇಕು. ನಾವು ಮನೆಯಲ್ಲಿ ಆಡುವ ಕನ್ನಡ ನಿಮಗೆ ತಿಳಿಯದು. ನಿಮ್ಮ ಕನ್ನಡವನ್ನು ನಾನು ನಿಮ್ಮ ಕಾಲದ ವಿಡಿಯೊ ನೋಡಿ ಕಲಿತೆ. ನನ್ನ ಹೆಸರು ಹಾವಸೆ, ನೀವು ಪಾಚಿ ಎನ್ನುವುದು. ಕಳೆದುಹೋದ ಹಸಿರಿನ ಹೆಸರನ್ನು ಮಕ್ಕಳಿಗೆ ಇಡುವುದು ನಮ್ಮಲ್ಲಿ ಪದ್ಧತಿ. ನನ್ನ ಹೆಸರಿನ ವಸ್ತುವನ್ನು ನಿಮ್ಮ ಕಾಲದವರು ಮೆಟ್ಟಿಲ ಮೇಲಿಂದ ಪೊರಕೆಯಲ್ಲಿ ಕೆರೆದು ಎಸೆಯುತ್ತಿದ್ದುದನ್ನು ನೋಡಿದ್ದೇನೆ. ಹೊಟ್ಟೆ ಉರಿಯಿತು. ಮುಚ್ಚಿಡುವುದೇಕೆ, ಈ ಕಾಗದ ಬರೆಯಲು ಕುಳಿತದ್ದೇ ಹೊಟ್ಟೆಕಿಚ್ಚಿನಿಂದ.

ಇಲ್ಲಿ ಬೆಟ್ಟ ಇದೆ. ಅದರ ಮಡಿಕೆಗಳಲ್ಲಿ ನೀವು ಕಂಡ ಶೋಲಾ ಕಾಡು ಇಲ್ಲ. ತುದಿಯಲ್ಲಿ ಮಂಜುಬಲೆ ಕಟ್ಟಿದ್ದೇವೆ. ಗಾಳಿಯಲ್ಲಿ ಬರುವ ಮಂಜು ಅದಕ್ಕೆ ತಗುಲಿ ಹನಿಯಾಗಿ ಇಳಿಯುತ್ತದೆ. ಮೊದಲು ಕುಡಿಯಲು, ಆಮೇಲೆ ಬೇಯಿಸಲು. ಉಳಿದದ್ದು ಇಬ್ಬನಿಪಾಲು, ಅಂದರೆ ಗಿಡಗಳ ಪಾಲು. ಅದು ಎಲ್ಲಕ್ಕೂ ಸಾಲುವುದಿಲ್ಲ. ಹಾಗಾಗಿ, ಹಿಂದಿನವರು ಹೆಸರಿಟ್ಟು ಕರೆದ ಗಿಡಕ್ಕೆ ಮಾತ್ರ ನೀರು ಎಂದು ನಮ್ಮ ಪಾಲುಕೂಟ ತೀರ್ಮಾನಿಸಿದೆ. ಗಿಡ ಸಾಕಲು ನಮಗೆ ಒಬ್ಬೊಬ್ಬರಿಗೆ ಒಂದೊಂದು ತಂಪುಗೂಡು ಇದೆ; ಪಕ್ಕದ ಗೂಡಿನ ಬೈನೆ ಎಂಬವನು ಸೀತಾಳೆ ದಂಡೆ ಎಂಬ ಹೂಗಿಡ ಬೆಳೆಸುತ್ತಾನೆ. ಅಂಥ ಹೆಸರಿದ್ದರೆ ಯಾರು ಬೇಡವೆನ್ನುತ್ತಾರೆ? ಅದಕ್ಕೆ ದಿನವೂ ನೀರು. ನೀರು ಕುಡಿಸುವಾಗ ಅವನು ಬೇಕೆಂದೇ ಗಟ್ಟಿಯಾಗಿ ಹಾಡಿಕೊಳ್ಳುತ್ತಾನೆ.

ನನ್ನ ಗೂಡಿನಲ್ಲಿರುವುದು ಒಂದೇ ಗಿಡ. ಮಂಜು ಹೆಚ್ಚಾದಾಗ ಒಂದೇ ಒಂದು ಎಲೆ ಬಿಡುತ್ತದೆ. ಎಲೆಯ ಅಡಿ ಕೆಂಪು, ಅಂಚಿನಲ್ಲಿ ನವಿರು ರೋಮ. ಮೂಗುತಿಯಷ್ಟು ಹೂ. ಇದರ ಹೆಸರು ಯಾರಿಗೂ ತಿಳಿದಿರಲಿಲ್ಲ. ಕಿತ್ತೆಸೆಯುವ ಮಾತು ಬಂದಿದ್ದಾಗಲೇ ನಿಮ್ಮ ವಿಡಿಯೊ ಸಿಕ್ಕಿತು. ಹಳದಿ ರೇನ್‌ಕೋಟು ಹಾಕಿಕೊಂಡು ನೀವು ಇದೇ ಬೆಟ್ಟ ಹತ್ತುತ್ತಿದ್ದೀರಿ. ಸುತ್ತ ಎಷ್ಟೊಂದು ಬಗೆಯ ಹಸಿರು! ಮರದ ಮೈಮೇಲೆ ಜರಿಗಿಡ, ಜರಿಗಿಡದ ಬುಡದಲ್ಲಿ ಪಾಚಿ, ಪಾಚಿಯೊಳಗೆ ಕರ್ಣಕುಂಡಲದ ಜಾತಿಯ ಹೂಗಳು. ಒಂದರ ಮೇಲೊಂದು ಕುಳಿತು ನೂಕಾಡುತ್ತಿವೆ. ನೀವು ಬಂಡೆಯ ಪಕ್ಕ ಮೊಣಕಾಲೂರಿ, ನನ್ನ ಗಿಡವನ್ನೇ ಬೆರಳಲ್ಲಿ ಎತ್ತಿ ಹಿಡಿದು, "ಇದ್ಯಾವ ಗಿಡ, ಸುಧನ್ವಾ?" ಎಂದು ಕೇಳುತ್ತೀರಿ. ಕ್ಯಾಮೆರಾ ಹಿಡಿದಾತ, "ಯಾವ್ದೋ ಕಾಡುಗಿಡ ಕಣೇ. ಬಾರೇ ನಾಗಶ್ರೀ, ಮೋಡ ಕವ್ಕೊಳ್ತಾ ಇದೆ" ಎನ್ನುತ್ತಾನೆ. ನೀವು ಎದ್ದು ಹೋಗುತ್ತೀರಿ.

ಪಾಲುಕೂಟ ಅದನ್ನು ಕೇಳಿಸಿಕೊಂಡು ತಲೆದೂಗಿತು. ಯಾವ್ದೋ: ಒಳ್ಳೆಯ ಹೆಸರು, ಬಾಯಲ್ಲಿ ಸಲೀಸು. ನನ್ನ ಗಿಡಕ್ಕೆ ನೀರು ಮಂಜೂರಾಯಿತು. ಬೈನೆಯ ಮುಖ ನೋಡಬೇಕಿತ್ತು. ಗಿಡ ಇನ್ನೂ ಬದುಕಿದ್ದರೂ ಕೂಟದ ಹಿರಿಯರೊಬ್ಬರ ಮೊಮ್ಮಗಳಿಗೆ ಅದೇ ಹೆಸರಿಟ್ಟರು.

ನಾನು ಅಲ್ಲಿಗೇ ನಿಲ್ಲಬೇಕಿತ್ತು. ಇನ್ನೊಂದು ವಿಡಿಯೊದಲ್ಲಿ ಒಬ್ಬ, ಫೋನು ರಿಂಗಾದಾಗ "ಯಾವ್ದೋ ನಂಬರ್, ಬಿಡು" ಎಂದ. ಮತ್ತೊಂದರಲ್ಲಿ ಒಬ್ಬಾಕೆ "ಯಾವ್ದೋ ಬಸ್ಸು" ಎಂದಳು. ಆಗ ನನಗೆ ಅರ್ಥವಾಯಿತು. ನಮ್ಮಲ್ಲಿ ಉಳಿದಿರುವ ಗಿಡಗಳು ಕೆಲವೇ. ಒಂದೊಂದರ ಎಲೆಯೂ ಗುರುತಿದೆ. ಯಾವುದೋ ಎಂದು ಕೈಬೀಸಿ ದಾಟುವಷ್ಟು ಸಂಪತ್ತಿಲ್ಲದೆ ಆ ಮಾತೇ ನಮ್ಮ ಬಾಯಿಂದ ಬಿದ್ದುಹೋಗಿದೆ. ನಿಮಗೆ ಆ ಮಾತು ಬೇಕಾಗುವಷ್ಟು ಹಸಿರಿತ್ತಲ್ಲ ಎಂದು ಆ ದಿನ ನಾನು ಊಟ ಮಾಡಲಿಲ್ಲ.

ಇದು ಇಲ್ಲಿ ನನ್ನೊಬ್ಬಳಿಗೇ ಗೊತ್ತು. ಆದರೆ ಬೈನೆಯೂ ಈಗ ನಿಮ್ಮ ಕನ್ನಡ ಕಲಿಯುತ್ತಿದ್ದಾನೆ. ಇಂದಲ್ಲ ನಾಳೆ ಆ ಮಾತು ಅವನ ಕಿವಿಗೂ ಬೀಳುತ್ತದೆ. ಬಿದ್ದ ದಿನ ನನ್ನ ಗಿಡದ ನೀರು ನಿಲ್ಲುತ್ತದೆ. ಇದರ ಬೀಜ ಬೇರೆಲ್ಲೂ ಇಲ್ಲ.

ಸುಧನ್ವನ ಮೇಲೆ ನನಗೆ ಸಿಟ್ಟಿಲ್ಲ. ಅಸೂಯೆ ನಿಮ್ಮ ಮೇಲೆ. ನಿಮ್ಮ ಮೊಣಕಾಲಿಗೆ ಆ ಒದ್ದೆ ಮಣ್ಣು ಅಂಟಿತು. ನೀವು ಅದನ್ನು ತಟ್ಟಿಕೊಂಡು ನಡೆದಿರಿ.

ಈ ಕಾಗದ ನೀವು ಬೆಟ್ಟ ಹತ್ತುವ ಮೊದಲೇ ತಲುಪಿದರೆ ಒಂದೇ ಒಂದು ಕೋರಿಕೆ. ಬಂಡೆಯ ಪಕ್ಕ ಮೊಣಕಾಲೂರಿ, ಆ ಪ್ರಶ್ನೆಯನ್ನು ಹಾಗೆಯೇ ಕೇಳಿ. ಸುಧನ್ವ ಬಾ ಎಂದಾಗ ಏಳಬೇಡಿ. ಬಲ್ಲವರು ಯಾರನ್ನಾದರೂ ಹುಡುಕಿ ಹೆಸರು ತಿಳಿದುಕೊಳ್ಳಿ. ಯಾರಿಗೂ ಗೊತ್ತಿಲ್ಲದಿದ್ದರೆ ನೀವೇ ಒಂದು ಹೆಸರಿಡಿ, ಕ್ಯಾಮೆರಾದ ಕಡೆ ತಿರುಗಿ ಗಟ್ಟಿಯಾಗಿ ಹೇಳಿ. ನಾನು ದಿನವೂ ಆ ವಿಡಿಯೊವನ್ನು ಮೊದಲಿನಿಂದ ಹಾಕಿ ನೋಡುತ್ತೇನೆ. ಇವತ್ತೂ ನೀವು ಎದ್ದು ಹೋದಿರಿ.

ನಾಳೆ ಮತ್ತೆ ನೋಡುತ್ತೇನೆ.

ಹಾವಸೆ