ಓನರ್ ಮನೆಗೆ ಬಂದ ಕಾಗೆ

ಬಸವೇಶ್ವರನಗರ
ಜೂನ್ ೧೧, ೨೦೨೪

ಪದ್ಮನಾಭ ಅವರಿಗೆ,

ಹೆಸರು ಹಿಡಿದು ಬರೆದೆ ಅಂತ ಬೇಜಾರಾಗಬೇಡಿ. ‘ರೀ’ ಅಂತ ಬರೆಯೋಕೆ ಹೋದೆ, ಕೈ ಓಡಲಿಲ್ಲ.

ಅತ್ತೆಯ ತಿಥಿಯ ದಿನ ನೀವು ಊಟದ ಎಲೆ ಎತ್ತೋ ಮೊದಲೇ ಕೆಂಗೇರಿಗೆ ಹೊರಟುಬಿಟ್ಟಿರಿ. ನಿಮ್ಮಮ್ಮನ ಕೊನೇ ದಿನಗಳ ಬಗ್ಗೆ ಹೇಳೋದಿತ್ತು.

ನೀವು ಮನೆ ಬಿಟ್ಟಿದ್ದನ್ನು ನಾನು ಅವರಿಗೆ ಹೇಳಿರಲೇ ಇಲ್ಲ. ಮರೆವು ಹೆಚ್ಚಾಗಿತ್ತು, ಶೂಟಿಂಗಿಗೆ ಹೋಗಿದಾರೆ ಅಂದರೆ ನಂಬೋರು. ಬೆಳಗ್ಗೆ ಟೀವೀಲಿ ನಾನು ಕಾಗೆಗೆ ದನಿ ಕೊಡೋ ಕಾರ್ಟೂನು, ಸಂಜೆ ನಿಮ್ಮ ಕಾಮಿಡಿ ಸೀರಿಯಲ್ಲು. ಎರಡೂ ಒಂದೇ ಬೀದೀಲಿ ನಡೀತಿದೆ ಅನ್ನೋ ಹಾಗೆ ನೋಡೋರು. ನೀವು ವಠಾರದ ಓನರ್ ಆಗಿ ಬಂದ ತಕ್ಷಣ, ‘ಪದ್ದು ಒಬ್ನೇ ಕೂತವ್ನೆ, ಕಾಗೆ ಎಲ್ಲೋಯ್ತೇ?’ ಅಂತ ನನ್ನನ್ನೇ ಕೇಳೋರು. ಕಾಗೆಯ ದನಿ ನಂದು ಅನ್ನೋದೊಂದು ಮಾತ್ರ ಅವರಿಗೆ ಮರೆತುಹೋಗಿರಲಿಲ್ಲ.

ಆಮೇಲೆ ಚಾನೆಲಿನವರು ಎರಡನ್ನೂ ಸೇರಿಸಿ ಮಹಾಸಂಗಮ ಮಾಡಿದರಲ್ಲ. ನಾನೊಂದು ದಿನ, ನೀವೊಂದು ದಿನ ಹೋಗಿ ಮುಗಿಸಿ ಬಂದೆವು. ಅದು ಪ್ರಸಾರವಾದ ಭಾನುವಾರ ಅತ್ತೆ ಊಟ ಬಿಟ್ಟು ಮಲಗಿದ್ದರು. ಟೀವಿ ಹಾಕಿದೆ. ಕಾಗೆ ಹಾರಿ ಬಂದು ನಿಮ್ಮ ಟೆರೇಸಿನ ಮೇಲೆ ಕೂತಿತು. ಗೂಡು ಬಾಡಿಗೆಗೆ ಸಿಗುತ್ತಾ ಅಂತ ಕೇಳಿತು. ನೀವು ಬೈದು, ಓಡಿಸಿ, ಕೊನೆಗೆ ಇರು ಹೋಗು ಅಂದಿರಿ. ಅತ್ತೆ ಎದ್ದು ಕೂತರು. ‘ಸದ್ಯ, ರಾಜಿಯಾದ್ರಲ್ಲ. ನಂಗೆಲ್ಲಾ ಗೊತ್ತಿತ್ತು ಕಣೇ,’ ಅಂದರು. ಅನ್ನ ಸಾರು ಕಲಸಿಕೊಟ್ಟೆ, ಪೂರ್ತಿ ತಿಂದರು.

ಅದು ಬರೀ ಕಥೆ ಅಂತ ನಾನು ಹೇಳಲಿಲ್ಲ.

ಗುರುವಾರ ಬೆಳಗ್ಗೆ ಕಾಫಿ ಕೊಡೋಕೆ ಹೋದಾಗ ಉಸಿರಿರಲಿಲ್ಲ.

ನನಗೆ ಇವತ್ತಿನವರೆಗೆ ಅಳು ಬಂದಿಲ್ಲ. ಮೊನ್ನೆ ಸ್ಟುಡಿಯೋದಲ್ಲಿ ಕಾಗೆ ಅಳೋ ದೃಶ್ಯ ಇತ್ತು, ಒಂದೇ ಟೇಕಿಗೆ ಓಕೆ ಆಯಿತು. ಚೆನ್ನಾಗಿ ಅತ್ತಿರಿ ಮೇಡಂ ಅಂದರು. ಮನೆಗೆ ಬಂದು ಪಾತ್ರೆ ತೊಳೆದೆ.

ಕೋರ್ಟಿನ ಕಾಗದಕ್ಕೆ ಸಹಿ ಹಾಕಿದೀನಿ, ವಕೀಲರ ಹತ್ತಿರ ಇದೆ. ಅತ್ತೆಯ ಕನ್ನಡಕ ನಿಮಗೆ ಬೇಕಿದ್ದರೆ ತಿಳಿಸಿ, ಕಳಿಸ್ತೀನಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಗುರುದೇವಿ

ತಾ.ಕ.: ಮಹಾಸಂಗಮದ ಎರಡನೇ ಭಾಗ ಮಾಡ್ತಾರಂತೆ, ಈ ಸಲ ಇಬ್ಬರನ್ನೂ ಒಟ್ಟಿಗೇ ಕೂರಿಸಿ. ನನ್ನನ್ನು ಕೇಳಿದಾಗ ‘ಅವರನ್ನು ಕೇಳಿ’ ಅಂದೆ. ‘ಅವಳನ್ನು ಕೇಳಿ’ ಅಂತ ನೀವು ಅಂದಿರಂತೆ. ಕಾಗೆ ಬರುತ್ತೆ ಅಂತ ಹೇಳಿದೀನಿ. ನನ್ನ ಮಾತು ಬೆಳಗ್ಗೆಯೇ ಮುಗಿಸಿ ಹೊರಡ್ತೀನಿ. ನೀವು ಮಧ್ಯಾಹ್ನದ ಮೇಲೆ ಬನ್ನಿ.