ನಾಲ್ಕು ಹೆಜ್ಜೆಗೊಂದು ಸ್ಟೂಲು

ಹನ್ನೊಂದನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ,

ನಿಮ್ಮ ತಮ್ಮನ ಹೆಂಡತಿಯ ನಮಸ್ಕಾರಗಳು. ನಿಮ್ಮ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡಿ. ಬೈದರೂ ಸರಿ, ಪೂರ್ತಿ ಓದಿ ಬೈಯಿರಿ. ನಿಮ್ಮ ಮಂಡಿನೋವು ಹೇಗಿದೆ? ನಾನು ಗಟ್ಟಿಯಾಗಿದ್ದೇನೆ, ತಲೆ ಮಾತ್ರ ಕೆಟ್ಟು ಮೊಸರುಗಡಿಗೆಯಾಗಿದೆ.

ನಿಮ್ಮ ತಮ್ಮನ ಕಾಯಿಲೆ ನಿಮಗೆ ಗೊತ್ತೇ ಇದೆ. ಜೀವಮಾನವೆಲ್ಲ ಕೊಯ್ದ ಮರದ ಹೊಟ್ಟು ಶ್ವಾಸಕೋಶದಲ್ಲಿ ಕೂತಿದೆ, ಇದು ವಾಸಿಯಾಗುವಂಥದ್ದಲ್ಲ ಎಂದು ಮೊದಲಿನ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. "ಆಯಾಸ ಮಾಡಿಸ್ಬೇಡಿ" ಎಂದೂ ಹೇಳಿದ್ದರು. ನಾನು ಅದನ್ನೇ ವೇದವಾಕ್ಯ ಮಾಡಿಕೊಂಡೆ. ಇವರು ಬಡಗಿಯಲ್ಲವೇ, ದಮ್ಮು ಹತ್ತಿದ ಜಾಗದಲ್ಲೆಲ್ಲ ಕೂರಲು ಸ್ಟೂಲು ಮಾಡಿಟ್ಟುಕೊಂಡರು. ಬಾಗಿಲ ಬಳಿ ಒಂದು, ಬಚ್ಚಲ ಬಳಿ ಒಂದು, ಒಲೆಯ ಪಕ್ಕ ಇನ್ನೊಂದು. ಏಳುವುದು ಕಷ್ಟವಾದಂತೆಲ್ಲ ಸ್ಟೂಲಿನ ಕಾಲು ಉದ್ದ ಮಾಡುತ್ತ ಬಂದರು. ಕೊನೆಯಲ್ಲಿ ಮಾಡಿದ್ದರ ಮೇಲೆ ಕೂತರೆ ನನ್ನ ಪಾದ ನೆಲ ಮುಟ್ಟುವುದಿಲ್ಲ! ನೀರಿನ ಲೋಟ ನಾನೇ ತಂದುಕೊಟ್ಟೆ, ಅಂಗಿಯ ಗುಂಡಿ ನಾನೇ ಹಾಕಿದೆ. "ರಾಜಯೋಗ ಕಣೇ" ಎಂದು ನಗುತ್ತಿದ್ದರು. ಈಗ ಅಂಗಿಯೊಳಗೆ ಮನುಷ್ಯನನ್ನು ಹುಡುಕಬೇಕು, ಅಷ್ಟು ಸವೆದಿದ್ದಾರೆ.

ಹೊಸ ಡಾಕ್ಟರಮ್ಮ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳನ್ನು ಮನೆಗೆ ಕಳಿಸಿದರು. ಅವಳು ಮಗ್ಗಿ ಒಪ್ಪಿಸಿಕೊಳ್ಳುವ ಟೀಚರ್ ಥರ ಎದುರಿಗೆ ನಿಂತು, "ಕೈ ಊರದೆ ಮೇಲೇಳಿ" ಎಂದಳು. ಇವರಿಗಾಗಲಿಲ್ಲ. ಅತ್ತಿಗೆ, ಎಷ್ಟು ಮನೆಗಳ ತೊಲೆ ಎತ್ತಿದ ಮನುಷ್ಯ! ಕೊನೆಗೆ ಕೈ ಊರಿಯೇ ಎದ್ದಾಗ ಏದುಸಿರು ಬಂತು, ತುಟಿ ಬಿಳಿಚಿಕೊಂಡಿತು. ನಾನು ಓಡಿಹೋಗಿ ಕಂಕುಳಿಗೆ ಕೈಕೊಟ್ಟೆ.

"ಬಿಡೀಮ್ಮ ಅವರನ್ನ. ಏದುಸಿರು ಬಂದ್ರೆ ಬರ್ಲಿ, ನಿಂತು ಸುಧಾರಿಸ್ಕೊಳ್ತಾರೆ."

"ಉಸಿರೇ ನಿಂತ್ಹೋದ್ರೆ ಏನಮ್ಮಾ ಮಾಡ್ಲಿ?"

"ನಾನಿಲ್ವಾ ಇಲ್ಲಿ? ನೋಡಿ, ಎದೆ ಕೆಟ್ಟಿರೋದು ನಿಜ. ಆದ್ರೆ ಇಷ್ಟೊಂದು ಸುಸ್ತು ಎದೆಯಿಂದ ಮಾತ್ರ ಅಲ್ಲ. ಕೂತೂ ಕೂತೂ ಕಾಲಲ್ಲಿ ಬಲವೇ ಉಳಿದಿಲ್ಲ. ಈ ಸ್ಟೂಲೆಲ್ಲ ತೆಗ್ದಿಡಿ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದರೆ ಇದೇ. ಒಬ್ಬರು ಕೂರಿಸಿ ಅಂದರು, ಇನ್ನೊಬ್ಬರು ಏಳಿಸಿ ಅನ್ನುತ್ತಾರೆ. ಇಷ್ಟು ವರ್ಷ ನಾನು ಇವರನ್ನು ಉಳಿಸಿದೆನೋ, ಸವೆಸಿದೆನೋ? ಯಾರನ್ನು ಕೇಳಲಿ? ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ. ಸ್ಟೂಲುಗಳನ್ನು ಅಟ್ಟಕ್ಕೆ ಹಾಕಿದೆ, ಸಂಜೆ ಒಂದನ್ನು ಇಳಿಸಿದೆ, ಹುಡುಗಿ ಬರುವ ದಿನ ಮತ್ತೆ ಹತ್ತಿಸಿದೆ.

ಈಗ ದಿನಾ ಬೀದಿಯ ಕೊನೆಯ ಕ್ಷೌರದಂಗಡಿಯವರೆಗೆ ನಡೆಯಬೇಕಂತೆ. ನಾನೂ ಹಿಂದೆಯೇ ಹೋಗುತ್ತೇನೆ. ಮೊನ್ನೆ ಗೋಡೆ ಹಿಡಿದು ನಿಂತು, ಹುಡುಗಿ ಹೇಳಿಕೊಟ್ಟ ಹಾಗೆ ತುಟಿ ಸಣ್ಣ ಮಾಡಿ ಮೆಲ್ಲಗೆ ಉಸಿರು ಬಿಡುತ್ತಿದ್ದರು. ನಾನು ಹೋಗಿ ತೋಳು ಹಿಡಿದೆ. ಕೊಸರಿಕೊಂಡರು. "ಕೈ ಬಿಡೇ, ನಾನಿನ್ನೂ ಸತ್ತಿಲ್ಲ!" ಅಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ನೋಡಿದ. ಮನೆಗೆ ಬಂದ ಮೇಲೆ ಗುಂಡಿಗಳನ್ನು ತಾವೇ ಬಿಚ್ಚಿಕೊಂಡರು, ಬಹಳ ಹೊತ್ತು ಹಿಡಿಯಿತು. ನಾನು ಕೈಕಟ್ಟಿಕೊಂಡು ನೋಡುತ್ತ ನಿಂತಿದ್ದೆ. ಅಳು ಬಂತು, ಅತ್ತಿಗೆ.

ಮೊಮ್ಮಕ್ಕಳಿಗೆ ನನ್ನ ಮುದ್ದು. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ. ಇವರ ಕಾಲಿಗೆ ಸ್ವಲ್ಪ, ನನ್ನ ಬುದ್ಧಿಗೆ ಸ್ವಲ್ಪ.

ಇಂತಿ,
ನೀವೇ ಹೆಸರಿಟ್ಟ
ಗಡಿಬಿಡಿ

ಮರೆತದ್ದು: ಮರೆತದ್ದೇನೂ ಅಲ್ಲ. ಯಾವುದನ್ನು ಬರೆಯಲು ಇವರು ಹೇಳಿದ್ದರೋ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದೆ. ಒಂದೆರಡು ತಿಂಗಳು ನಿಮ್ಮ ಮನೆಗೆ ಬಂದು ಇರುತ್ತಾರಂತೆ. ಒಬ್ಬರೇ. ನಾನೂ ಬರುತ್ತೇನೆ ಎಂದೆ. "ಬೇಡ. ಅಕ್ಕ ಬೈತಾಳೆ, ಹಿಡ್ಕೊಳ್ಳಲ್ಲ. ನಿನ್ನ ಕಣ್ಣೆದುರು ನಾನು ರೋಗಿನೇ" ಅಂದರು. ಕೋಪದಿಂದಲ್ಲ, ಮೆತ್ತಗೆ ಅಂದರು. ಅಲ್ಲಿಗೆ ಬಂದರೆ ಕಾಲಿಗೆ ಬಲ ಬಂದೀತು. ಪಕ್ಕದಲ್ಲಿ ಇವರ ಉಸಿರಿನ ಸದ್ದಿಲ್ಲದೆ ನನಗೆ ನಿದ್ದೆ ಬರುವುದಿಲ್ಲ. ಬಾ ಎಂದೇ ಬರೆಯಿರಿ, ಅತ್ತಿಗೆ. ಆದರೆ ತಕ್ಷಣ ಬರೆಯಬೇಡಿ.